ಎರಡನೇ ಹದಿನೇಳು

ಒಂಬತ್ತನೇ ತರಗತಿ, ಬಿ ವಿಭಾಗ, ಊಟದ ಬೆಲ್ಲಿಗೆ ಮುಂಚಿನ ಪಿರಿಯಡ್ಡು.
ನಲವತ್ತೊಂದು ಮಕ್ಕಳಿಗೆ ನಲವತ್ತೊಂದು ಹಾಳೆ ಹಂಚಿದೆ:
‘ಗಣಿತ ಕಲಿಕೆಯಲ್ಲಿ ಹೊಣೆಗಾರಿಕೆಯ ಮಾಪನ’.
ನನ್ನ ಎಂ.ಎಡ್. ಪ್ರಬಂಧಕ್ಕೆ. ಜೆರಾಕ್ಸಿನವನ ಬಾಕಿ ಇನ್ನೂ ಇದೆ.
ಯಾವಾಗಲೂ, ಬಹಳ ಸಲ, ಕೆಲವೊಮ್ಮೆ, ಅಪರೂಪಕ್ಕೆ, ಇಲ್ಲವೇ ಇಲ್ಲ.
ಐದು ಮನೆ, ಒಂದಕ್ಕೆ ಗುರುತು ಹಾಕಿ,
ಇದರಲ್ಲಿ ಸರಿ ತಪ್ಪು ಅಂತ ಏನಿಲ್ಲ, ಅಂದೆ.
ಲೆಕ್ಕದ ಮೇಡಂ ಬಾಯಲ್ಲಿ ಇಂಥ ಮಾತೇ ಎಂದು
ಹಾಲೇಶ ಹಿಂದಿನ ಬೆಂಚಿಗೆ ತಿರುಗಿ ನಕ್ಕ.

ಕಾಂಪೌಂಡಿನಾಚೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳು.
ಅವುಗಳ ಹೊಗೆ ದಿನವೂ ತಪ್ಪದೆ ಹಾಜರು,
ಮೂರನೇ ಬೆಂಚಿನವರೆಗೂ ಬಂದು ಕೂರುತ್ತದೆ.

‘ಲೆಕ್ಕ ಬಾರದಿದ್ದರೆ ಅದಕ್ಕೆ ನಾನೇ ಹೊಣೆ.’
ಹೊಣೆ ಅಂದ್ರೇನು ಮೇಡಂ? ಪವಾಡಪ್ಪ ಎದ್ದು ನಿಂತ.
ಜವಾಬ್ದಾರಿ ಕಣೋ.
ಹಂಗಂದ್ರೆ, ಬೈಸ್ಕೊಳ್ಳಾದಾ?
ಇದಕ್ಕೆ ಹಾಕಲು ನನ್ನ ಹತ್ತಿರ ಐದು ಮನೆ ಇರಲಿಲ್ಲ.

ರಾತ್ರಿ ನಿಟ್ಟುವಳ್ಳಿಯ ಮನೆಯಲ್ಲಿ ಅಂಕ ಕೂಡುತ್ತ ಕೂತೆ.
ಹಾಲೇಶನದು ಮೇಲಿಂದ ಕೆಳಗೆ ‘ಯಾವಾಗಲೂ’, ಸ್ಕೇಲು ಇಟ್ಟಂತೆ.
ಕೂಡುವುದೇನಿದೆ ಅದರಲ್ಲಿ,
ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು ಬರೆದು ಪಕ್ಕಕ್ಕಿಟ್ಟೆ.
ಮುಬೀನಾಳದು ಎಪ್ಪತ್ತೊಂದು.
ಕೈಪಿಡಿಯ ಪ್ರಕಾರ ‘ಸಾಧಾರಣ’.
‘ಮಾಡಿದ ಲೆಕ್ಕವನ್ನು ಮತ್ತೊಮ್ಮೆ ನೋಡುತ್ತೇನೆ’:
ಅಪರೂಪಕ್ಕೆ.

ಹಾಳೆ ಮಗುಚಿದರೆ ಹಿಂದೆ ಪೆನ್ಸಿಲಿನಲ್ಲಿ, ಸಣ್ಣಗೆ:
‘ಮೇಡಂ, ಹದಿನೇಳು ಎರಡು ಸಲ ಬಂದಿದೆ.
ಇರೋದು ಇಪ್ಪತ್ತಾರು. ಒಟ್ಟು ನೂರಮೂವತ್ತು ಆಗಬೇಕು.’
ನನಗೆ ತಿಳಿಯದೇ ಹೋದೀತೆಂದೋ ಏನೋ
ಕೆಳಗೆ ಗುಣಿಸಿಯೂ ತೋರಿಸಿದ್ದಳು, ದಶಕ ಮೂರನ್ನು ನೆತ್ತಿಗಿಟ್ಟು.

ಮೂವರು ತಜ್ಞರು ನೋಡಿ ಕೊಟ್ಟ ಹಾಳೆ.
ಗೈಡು ಸಹಿ ಮಾಡಿದ ಹಾಳೆ.
ನಾನು ಒಂಬತ್ತು ಸಲ ಓದಿದ್ದೆ, ಕಾಗುಣಿತಕ್ಕಾಗಿ.

ಮುಬೀನಾಳನ್ನು ಒಂದು ಸಂಜೆ ಭಟ್ಟಿಯಲ್ಲಿ ಕಂಡಿದ್ದೇನೆ.
ಚೀಲಕ್ಕೆ ಸೇರು ಸುರಿದಂತೆಲ್ಲ ಗೋಡೆಗೆ ಇದ್ದಿಲ ಗೀಟು,
ನಾಲ್ಕು ನಿಂತದ್ದು, ಐದನೆಯದು ಅಡ್ಡ.
ಒಂದು ಗೀಟು ತಪ್ಪಿದರೆ ಅಬ್ಬೂವಿನ ಕೂಲಿಯಲ್ಲಿ ಹಿಡಿಯುತ್ತಾರೆ.
ಆ ಗೋಡೆಗೆ ಕೈಪಿಡಿ ಇಲ್ಲ.

ಮರುದಿನ ಕೇಳಿದೆ: ಇಷ್ಟೆಲ್ಲ ನೋಡಿದವಳು
ಅಪರೂಪಕ್ಕೆ ಅಂತ ಯಾಕೆ ಹಾಕಿದೆ?
ದುಪಟ್ಟಾದ ಅಂಚು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ
‘ನಂದು ನೋಡಕೆ ಹೊತ್ತೆಲ್ಲಿರುತ್ತೆ ಮೇಡಂ.
ಅದು ನಿಮ್ದಲ್ವಾ, ಅದಕ್ಕೆ ನೋಡ್ದೆ’ ಅಂದಳು.

ಮನೆಗೆ ಬಂದು ಹಾಲೇಶನ ಹಾಳೆ ಹುಡುಕಿ ತೆಗೆದೆ.
ಈ ಸಲ ಒಂದೊಂದೇ ಬೆರಳಿಟ್ಟು ಕೂಡಿದೆ.
ನೂರಮೂವತ್ತು ಬರಬೇಕಿತ್ತು,
ನೂರಿಪ್ಪತ್ತೈದೇ ಬಂತು.
ಒಂದಕ್ಕೆ ಅವನು ಗುರುತೇ ಹಾಕಿರಲಿಲ್ಲ.

ಎರಡನೇ ಹದಿನೇಳು:
‘ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳುತ್ತೇನೆ.’
ಐದು ಮನೆಯೂ ಖಾಲಿ.
ಕೊನೆಯದರ ಹೊರಗೆ, ಪೆನ್ನು ಊರಿ
ತುಸು ಹೊತ್ತು ಯೋಚಿಸಿದ
ಒಂದು ನೀಲಿ ಚುಕ್ಕೆ.