ಪಾಳಿ

ಈ ಶುಕ್ರವಾರ ದೇಶಕ್ಕಾಗಿ ಬೇಡುವ ಪಾಳಿ ನನ್ನದು.
ಸೋನ್ಸ್ ಮಾಸ್ತರು ಬುಧವಾರವೇ ಫೋನ್ ಮಾಡಿದ್ದರು:
"ಸಮಾಧಾನಪ್ಪ, ಉದ್ದ ಬೇಡ, ಐದೇ ನಿಮಿಷ.
ನಮ್ಮ ನಂತರ ಕೋಣೆ ತೆಲುಗಿನವರದು."

ಐದು ನಿಮಿಷಕ್ಕೆ ನನ್ನ ಟ್ಯಾಂಕರಿನಿಂದ
ಎಷ್ಟು ನೀರು ಇಳಿಯುತ್ತದೆಂದು ಬಲ್ಲೆ.
ದೇಶ ಎಷ್ಟು ಇಳಿಯುತ್ತದೋ ಗೊತ್ತಿಲ್ಲ.

ಹನ್ನೊಂದು ವರ್ಷ. ಸೊಹಾರಿನ ಓಣಿಗಳನ್ನು
ನಾನು ಬಲ್ಲದ್ದು ತಾರಸಿಯ ಟಾಕಿಗಳಿಂದ:
ಯಾವುದರ ಮುಚ್ಚಳ ಸಡಿಲ, ಯಾವುದರಲ್ಲಿ ಪಾರಿವಾಳದ ಗರಿ,
ಯಾವ ಮನೆಗೆ ಸೊಸೆ ಬಂದು ನೀರು ಬೇಗ ತೀರುತ್ತದೆ,
ಯಾವ ಟಾಕಿ ಈ ಸಲ ಮುಕ್ಕಾಲು ಹಾಗೇ ಉಳಿದಿದೆ.
ಮುದುಕ ಖಲ್ಫಾನ್ ತೀರಿಕೊಂಡದ್ದು ನನಗೆ ತಿಳಿದದ್ದು ಹಾಗೆ.
ಪೈಪು ಸುತ್ತಿ ಒಂದು ಗಳಿಗೆ ಸುಮ್ಮನೆ ನಿಂತೆ.
ಅದನ್ನೂ ಪ್ರಾರ್ಥನೆಯ ಲೆಕ್ಕಕ್ಕೆ ಹಿಡಿಯಬಹುದೋ ಏನೋ.

ನಮ್ಮ ಬೆಟಗೇರಿಯ ಓಣಿಗೆ ನಳ ಬರುವುದು
ಹನ್ನೆರಡು ದಿನಕ್ಕೊಮ್ಮೆ, ಅದೂ ಅಪರಾತ್ರಿ.
ಅಲ್ಲಿ ಕೊಡ ಸಾಲಿಗಿಟ್ಟು ಕಾದವನು ಇಲ್ಲಿ
ಐದು ಸಾವಿರ ಗ್ಯಾಲನ್ ಸಿಹಿನೀರು ಬೆನ್ನಿಗೆ ಕಟ್ಟಿಕೊಂಡು
ಮರಳಿನಲ್ಲಿ ಓಡಾಡುತ್ತೇನೆ. ಒಮ್ಮೊಮ್ಮೆ ನಗು ಬರುತ್ತದೆ.
ಸಬುಜ್ ಕೇಳುತ್ತಾನೆ, ಏನು ಭಾಯ್?
ಏನಿಲ್ಲ, ನೀರು.

ಎದ್ದು ನಿಂತೆ. ಕಣ್ಣು ಮುಚ್ಚಿದೆ.
ಮಾಸ್ತರು ಬರೆದುಕೊಟ್ಟ ಚೀಟಿಯಲ್ಲಿ ದೊಡ್ಡ ಶಬ್ದಗಳಿದ್ದವು:
ರಾಷ್ಟ್ರ, ಅಧಿಕಾರ, ಸಮಾಧಾನ.
ಕೊನೆಯದು ನನ್ನದೇ ಹೆಸರು; ಅದರ ಮೇಲೂ ಭರವಸೆಯಿಲ್ಲ.
ನಾಲಿಗೆ ಒಣಗಿತು. ಮೇಲೆ ಫ್ಯಾನು ಕಟಕಟ.
ಯಾವ ದೇಶ, ಕರ್ತನೇ?
ಕಂಪನಿಯ ಕಪಾಟಿನಲ್ಲಿ ಪಾಸ್‌ಪೋರ್ಟಾಗಿ ಮಲಗಿದ್ದೋ,
ಜೇಬಿನ ಬತಾಕದಲ್ಲಿ ಎರಡೇ ವರ್ಷ ಬದುಕುವುದೋ?

ಕೊನೆಗೆ ಬಾಯಿಗೆ ಬಂದದ್ದು ಮಾಬುಸಾಬನ ಹೆಸರು.

ವಾಲ್ವ್ ತಿರುಗಿಸುವ ಮಾಬುಸಾಬ. ಸೈಕಲ್ಲು, ಮಫ್ಲರು,
ಎದೆಯುದ್ದದ ಕಬ್ಬಿಣದ ಚಾವಿ.
ಅವನ ಕೈ ನೆಟ್ಟಗಿರಲಿ ಎಂದೆ.
ದೊಡ್ಡ ಮನೆಯವರ ಓಣಿಗೆ ಹೆಚ್ಚು ತಿರುಗದಿರಲಿ,
ನಮ್ಮ ಓಣಿಗೂ ಹೆಚ್ಚು ತಿರುಗದಿರಲಿ
(ಇದನ್ನು ಹೇಳುವುದು ಕಷ್ಟವಾಯಿತು).
ಇಷ್ಟೇ ತಿರುಗಿಸು ಎಂದು ಅವನಿಗೆ ಫೋನಿನಲ್ಲಿ ಹೇಳುವವರ
ನಿದ್ದೆ ಕೆಡಲಿ ಎಂದೆ. ತಿದ್ದಿಕೊಂಡು, ಮನಸ್ಸು ತಿರುಗಲಿ ಎಂದೆ.
ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಯಾರೋ ಆಮೆನ್ ಅಂದರು.

ಆಮೇಲೆ ಸರೋಜಕ್ಕ. ಹೋದ ಡಿಸೆಂಬರಿನಲ್ಲಿ
ನಮ್ಮ ಮನೆಯಲ್ಲಿ ಹತ್ತು ಜನ ಕೂಡಿ ಹಾಡಿದ್ದಕ್ಕೆ
ಠಾಣೆಗೆ ಅರ್ಜಿ ಕೊಟ್ಟವಳು. ನಡುವೆ ಬರೀ ಒಂದು ಗೋಡೆ.
ಸುಕೃತಾ ಎರಡು ತಾಸು ಅಲ್ಲಿನ ಬೆಂಚಿನ ಮೇಲೆ ಕೂತು ಬಂದಳು.
ಸರೋಜಕ್ಕನನ್ನು ಕ್ಷಮಿಸು ಎನ್ನಲು ಹೋಗಿ ಹಲ್ಲು ಕಚ್ಚಿಕೊಂಡವು.
ಅವಳ ಮಗನ ಕಿಡ್ನಿ ನೆಟ್ಟಗಾಗಲಿ ಎಂದೆ.
ಅಷ್ಟೇ ಆಯಿತು ನನ್ನಿಂದ. ಅಷ್ಟಾದರೂ ಹೊರಟಿತು,
ಬಹಳ ದಿನ ಬಂದಾಗಿದ್ದ ನಳದ ಮೊದಲ ಕೆಂಪು ನೀರಿನ ಹಾಗೆ.

ನಂತರ ಈ ನೆಲ. ಎರಡು ತಿಂಗಳ ಪಗಾರ ತಡೆದಿರುವ ಮ್ಯಾನೇಜರು;
ಖಲ್ಫಾನನ ಗೇಟಿನ ಕಟ್ಟೆಯ ಮೇಲೆ ನನಗೆಂದು
ಖರ್ಜೂರ ಇಟ್ಟು ಹೋಗುವ ಒಂದು ಕೈ,
ಆ ಕೈಯ ಮುಖವನ್ನು ನಾನು ನೋಡಿಲ್ಲ.
ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೂತುಬಿಟ್ಟೆ.

"ಆಳುವವರನ್ನು ಬಿಟ್ಟೆಯಲ್ಲ," ಎಂದರು ಮಾಸ್ತರು ಮೆಟ್ಟಿಲಲ್ಲಿ.
"ಚಾವಿ ಹಿಡಿದವರನ್ನೆಲ್ಲ ಹೇಳಿದೆನಲ್ಲ ಮಾಸ್ತರೆ."
ಅವರು ಚೀಟಿ ಮಡಚಿ ಜೇಬಿಗಿಟ್ಟರು.
ಸಿಟ್ಟೋ ಅಲ್ಲವೋ ತಿಳಿಯಲಿಲ್ಲ.

ಗೇಟಿನಾಚೆ ಸಬುಜ್ ಗಾಡಿ ಕಾಯುತ್ತಿದ್ದ.
ಬೆಳಿಗ್ಗೆ ನನ್ನ ಪಾಳಿ, ಮಧ್ಯಾಹ್ನ ಅವನದು:
ಅವನು ಮಸೀದಿಗೆ ಹೋದಾಗ ಪೈಪು ಹಿಡಿಯುವವನು ನಾನು.
"ಇವತ್ತು ಏನು ಕೇಳಿದೆ ಭಾಯ್?"
"ನೀರು."
"ಅದನ್ನು ಕೇಳಲು ಅಲ್ಲಿಗೆ ಹೋಗಬೇಕಾ!"

ಶನಿವಾರ ನಸುಕಿಗೆ ಸುಕೃತಾಳ ಫೋನು.
ರಾತ್ರಿ ಎರಡಕ್ಕೆ ನಳ ಬಂತಂತೆ, ಇಪ್ಪತ್ತೇ ನಿಮಿಷ.
ಆರು ಕೊಡ ತುಂಬಿತು. ಎರಡು ಕೊಡ ಗೋಡೆಯಾಚೆ ಕೊಟ್ಟೆ,
ಅವರ ಮೋಟಾರು ಸುಟ್ಟಿದೆ, ಎಂದಳು.
ಸರೋಜಕ್ಕ ಏನಂದಳು ಎಂದು ನಾನು ಕೇಳಲಿಲ್ಲ.
"ಕೊಡ ತಿರುಗಿ ಬಂದವಾ?"
"ಒಂದು ಬಂತು."

ನೀರು ತುಂಬುವ ಸಾಲಿನಲ್ಲಿ ನನ್ನ ಮುಂದೆ
ಇನ್ನೂ ಏಳು ನೀಲಿ ಗಾಡಿಗಳಿದ್ದವು.
ಎಂಜಿನ್ ಆರಿಸಿದೆ.