ತೀನ್ ಕಂದೀಲಿನಲ್ಲಿ ಪಂಚರ್

ರಾಯಚೂರಿನ ತೀನ್ ಕಂದೀಲಿನಲ್ಲಿ ಕಂದೀಲು ಉರಿದದ್ದು
ನಾನಂತೂ ಕಂಡಿಲ್ಲ; ಹೆಸರೇ ಉರಿಯುತ್ತದೆ.
ಅದರ ಬೆಳಕಿಗೆ ಎಂಬಂತೆ ಕೂತಿರುತ್ತಾನೆ ಚಾಂದಪಾಷಾ,
ಮುಂದೆ ಕಬ್ಬಿಣದ ಬುಟ್ಟಿ, ಬುಟ್ಟಿ ತುಂಬ ಮಸಿನೀರು,
ಹಿಂದೆ ಗೋಡೆಗೆ ಮೂವತ್ತು ಟೈರು,
ಯಾರೋ ಎಣಿಸದೆ ಬಿಟ್ಟ ಸೊನ್ನೆಗಳು.

ಏಪ್ರಿಲ್. ನಾಲ್ಕು ಗಂಟೆಗೂ ಡಾಂಬರು ಚಪ್ಪಲಿಗೆ ಅಂಟುತ್ತದೆ.
ಕ್ಯಾರಿಯರಿನಲ್ಲಿ ಎಂಟನೇ ಕ್ಲಾಸಿನ ಸಂಸ್ಕೃತದ ಉತ್ತರಪತ್ರಿಕೆ,
ಹಿಂದಿನ ಗಾಲಿ ನೆಲಕ್ಕೆ ಹತ್ತಿ ತಳ್ಳಿಕೊಂಡು ಬಂದೆ.
“ಬರ್ರಿ ಅಕ್ಕೋರ. ಮತ್ತ ಜಾಲಿ ಮುಳ್ಳೇನು?”

ಸುಮ್ಮನಿರದ ಬಾಯಿ ನನ್ನದು. ಹೇಳತೊಡಗಿದೆ:
ನೀನು ತಲೆಕೆಳಗು ನಿಲ್ಲಿಸಿದ ಸೈಕಲ್ಲು,
ನಾನು ಪಾಠ ಹೇಳುವ ಚಕ್ರ,
ನಿನ್ನ ಅಜ್ಜಿ ತಿರುಗಿಸಿದ ಚರಖಾ
ಮೂವರೂ ಒಬ್ಬ ತಾಯಿಯ ಮಕ್ಕಳು, ಪಾಷಾ.
ಒಬ್ಬಳು ಪಡುವಣಕ್ಕೆ ಹೋಗಿ ಗ್ರೀಕರಲ್ಲಿ ಬಾಳಿ
ಇಂಗ್ಲಿಷರ ಹಡಗು ಹತ್ತಿ ಬಂದಳು;
ಒಬ್ಬಳು ಇರಾನಿನಲ್ಲಿ ಉಳಿದು
ಕುದುರೆಯವರ ಸಂಗಡ ಬಂದಳು;
ಒಬ್ಬಳು ಮೊದಲೇ ಬಂದು ಮಂತ್ರ ಕಲಿತಳು.
ಈಗ ನಿನ್ನ ಅಂಗಡಿಯಲ್ಲಿ
ಗುರುತು ಹತ್ತದೆ ಒಂದೇ ಮೊಳೆಗೆ ತೂಗುತ್ತಾರೆ.

ಪೆಡಲು ನನ್ನ ಪಾದದ ತಂಗಿ.
ನೀನು ಮೊಣಕಾಲಿಗೆ ಮಡಚಿದ ಪಾಯಜಾಮದೊಳಗೂ
ಆ ಪಾದವೇ ಅಡಗಿದೆ.
ಈ ಕಂದೀಲು? ಲ್ಯಾಟಿನ್ನಿನ ಮನೆಯಲ್ಲಿ ಹುಟ್ಟಿ
ಅರಬರ ಡೇರೆಯಲ್ಲಿ ಎಣ್ಣೆ ಕುಡಿದು ಬಂದದ್ದು.
ಅದರ ದೂರದ ಸೋದರಮಾವ ಚಂದ್ರ,
ಚಂದ್ರನ ಮಗ ಚಾಂದ್,
ಅಂದರೆ ನೀನು.

ಟೈರಿನ ಹೊಟ್ಟೆಯಿಂದ ಟ್ಯೂಬು ಎಳೆಯುತ್ತ ಅಂದ:
“ಹಂಗಾರ ಈ ಪಂಚರ್ರು ನಿಮ್ಮ ನಾಗರಪಂಚಮಿ ಕಡಿಯಾಕಿ ಇರಬೇಕಲ್ರಿ?”
ಇಲ್ಲಪ್ಪ, ಅಲ್ಲೇ ಎಲ್ಲರೂ ಎಡವುವುದು.
ಮೊಹರಮ್ಮಿನ ಪಂಜಾ ಪಂಚಮಿಯ ಒಡಹುಟ್ಟು, ನಿಜ;
ಪಂಚರ್ ಬರೀ ಮುಖ ಹೋಲುವ ಪರವೂರಿನವಳು.
ಮೂಗು ಒಂದೇ ಥರ ಇದ್ದ ಮಾತ್ರಕ್ಕೆ
ಪಾಲು ಕೇಳಲು ಬರುವುದಿಲ್ಲ.

“ಮತ್ತ ಆ ತಾಯಿ ಹೆಸರು?”
ಯಾರೂ ಕೇಳಿಲ್ಲ. ಯಾರೂ ಬರೆದಿಟ್ಟಿಲ್ಲ.
ಮಕ್ಕಳ ಮುಖ ನೋಡಿ ನೋಡಿ
ತಾಯ ಮುಖ ಬರೆಯುತ್ತಾರೆ ಪಂಡಿತರು;
ಬರೆದು, ಹಣೆಯ ಮುಂದೊಂದು ಚುಕ್ಕಿ ಇಡುತ್ತಾರೆ:
ಊಹೆ ಇದು, ತಪ್ಪಿದ್ದರೆ ಸಿಟ್ಟಾಗಬೇಡ ತಾಯಿ.

ಅವನು ಏನೂ ಅನ್ನಲಿಲ್ಲ. ಟ್ಯೂಬು ನೀರಿಗೆ ಅದ್ದಿದ,
ಗೇಣು ಗೇಣು ಸರಿಸಿದ, ಕಿವಿ ಬಗ್ಗಿಸಿ.
ಮಸಿನೀರಿನಿಂದ ಎದ್ದಿತು ಒಂದು ಗುಳ್ಳೆ, ಮತ್ತೊಂದು:
ಕ್ವೆ, ಕ್ವ್ಲ, ಕ್ವೆ, ಕ್ವ್ಲ
ಮೈ ಜುಮ್ಮೆಂದಿತು. ಚುಕ್ಕಿ ಇಟ್ಟ ಆ ಮಾತು
ಹೆಚ್ಚುಕಡಿಮೆ ಹೀಗೆಯೇ
“ಸಿಕ್ತು,” ಅಂದ ಪಾಷಾ,
ತೂತಿಗೆ ಹೆಬ್ಬೆರಳು ಒತ್ತಿದ. ಮಾತು ನಿಂತಿತು.

ಉಜ್ಜಿದ. ಸಲೂಷನ್ ಹಚ್ಚಿದ. ಉಫ್ ಅಂತ ಊದಿದ.
“ಎಲ್ಲಾರ ಬಳಗ ಹೇಳಿದ್ರಿ. ಗಾಲಿ ಯಾರ ಮಗಳು?”

ನನ್ನ ಪಾಠದಲ್ಲಿ ಅವಳಿರಲಿಲ್ಲ.
ಆ ಮನೆತನದವಳಲ್ಲ, ಅಂದೆ ತಡವರಿಸಿ,
ಇಲ್ಲಿಯವಳು. ಕಾಲಿನ ಮಗಳಿರಬೇಕು, ನನ್ನ ಗುಮಾನಿ.
ಚಕ್ರ ಬಂದಾಗ ಈ ಕರಿಮಣ್ಣಿನಲ್ಲಿ
ಆಗಲೇ ಉರುಳುತ್ತಿದ್ದಳೋ ಏನೋ.

ಒಳಗಿನಿಂದ ರಬಿಯಾಳ ದನಿ:
“ಪಾವ್ ಕಿಲೋ ಬೈಂಗನ್ ಲೇಲೋ ಜೀ!”
ತಳ್ಳುಗಾಡಿಯವಳಿಗೆ ಇವನು: “ಈರಮ್ಮ, ಕಾಲು ಕಿಲೋ ಬದನಿಕಾಯಿ!”

ಪಾವ್ ಎಂದರೆ ಪಾದ. ಕಾಲು ಎಂದರೆ ಕಾಲು.
ಎಮ್ಮೆಗೆ ನಾಲ್ಕು; ಅದಕ್ಕೇ ನಾಲ್ಕರಲ್ಲೊಂದು.
ರಕ್ತದ ನಂಟಿಲ್ಲದ ಎರಡು ಮನೆ
ಒಂದೇ ಎಮ್ಮೆ ನೋಡಿ ಒಂದೇ ಲೆಕ್ಕ ಕಲಿತಿವೆ.
ಇದಕ್ಕೆ ಯಾವ ಚುಕ್ಕಿ ಇಡಲಿ?

ಗಾಲಿಗೆ ಗಾಳಿ ಹೊಡೆದು, ಹಣೆ ಒರೆಸಿಕೊಂಡು,
“ಬಳಗ ಅಂತ ಬಿಡಂಗಿಲ್ಲರಿ ಅಕ್ಕೋರ. ಇಪ್ಪತ್ತು ರೂಪಾಯಿ.”

ರಾತ್ರಿ ಪತ್ರಿಕೆ ತಿದ್ದುವಾಗ
ಚಕ್ರ ನೆನಪಾಗದೆ ಒಬ್ಬ ಹುಡುಗಿ
‘ರಥಸ್ಯ ಗಾಲಿಃ’ ಎಂದು ಬರೆದಿದ್ದಳು.
ಕೆಂಪು ಪೆನ್ನು ಎತ್ತಿದ್ದೆ. ತುಸು ಹೊತ್ತು ಎತ್ತಿಯೇ ಇದ್ದೆ.
ಕಾಲು ಅಂಕ ಕೊಟ್ಟೆ.