ಕಟ್ಟೆ ಎತ್ತಿದ್ದು

ಗಾರೆ ಪಿಳ್ಳಪ್ಪ ದಿನಕ್ಕೆ ಒಂಬೈನೂರು ಕೇಳಿದ,
ಆಳು ಬೇರೆ, ಟೀ ಬೇರೆ.
ಇರಲಿ ಬಿಡಣ್ಣ ಅಂದು
ಅವನದೇ ಕರಣೆ, ಅವನದೇ ರಸಮಟ್ಟ
ಎರವಲು ತಂದೆ.
ಮಾಲೂರಲ್ಲಿ ಇಟ್ಟಿಗೆಗೇನು ಬರವೇ?
ಒಡಕು, ಸೊಟ್ಟ, ಅತಿ ಬೆಂದು ಕಪ್ಪಾದವು
ಗೂಡಿನ ಹಿಂದೆ ಗುಡ್ಡೆ ಬಿದ್ದಿರುತ್ತವೆ.
ರವಣಪ್ಪ ಲೋಡಿನ ಲಾರಿಯಲ್ಲಿ ಅರವತ್ತು ಹಾಕಿಕೊಂಡು ಬಂದ,
"ಏನು ಮಾಡ್ಕೋತೀಯೋ ಮಾಡ್ಕೋ"
ಎಂದು ಇಳಿಸಿ ಹೋದ.

ಈ ಕಟ್ಟೆ ನನ್ನ ತೊಡೆಗೆ ಬರುತ್ತದೆ.
ಅತ್ತೆ ಅಕ್ಕಯಮ್ಮ ನನ್ನ ಭುಜಕ್ಕೆ.
ಹದಿನಾರು ವರ್ಷ ಅವಳ ಅಳತೆಗೆ ಬಗ್ಗಿ
ಈರುಳ್ಳಿ ಹೆಚ್ಚಿ, ಬಸ್ಸಾರಿಗೆ ಬಸಿದು,
ರಾತ್ರಿ ಸೊಂಟಕ್ಕೆ ಮುಲಾಮು ತಿಕ್ಕಿಕೊಳ್ಳುವಾಗ
ಯಾರನ್ನು ಬೈಯಬೇಕೋ ತಿಳಿಯದೆ
ಕಲ್ಲನ್ನು ಬೈದಿದ್ದೇನೆ.

ಮೊದಲ ಏಟಿಗೆ ಸುತ್ತಿಗೆಯೇ ಹಿಂದಕ್ಕೆ ಪುಟಿಯಿತು.
ಆಮೇಲೆ ಹಳೇ ಗಾರೆ ಹುರಿಹಿಟ್ಟಿನ ಹಾಗೆ ಉದುರಿತು.
ಮಲಗಿದ ಎಮ್ಮೆ ಎಬ್ಬಿಸುವ ಹಾಗೆ
ನಾನೂ ಮಗಳೂ ಮೀಟಿ ಮೀಟಿ
ಕಡಪ ಕಲ್ಲು ಎತ್ತಿದೆವು.
ಗೋಡೆಗೆ ಒರಗಿಸುವಷ್ಟರಲ್ಲಿ ಅದು ಎರಡಾಯಿತು,
ಒಂದು ದೊಡ್ಡದು, ಒಂದು ಚಿಕ್ಕದು.
ಅಡಿಯಲ್ಲಿ ಜಿರಳೆಗಳ ಸಂಸಾರ,
ಐದು ಪೈಸೆ, ಸೀಮೆಎಣ್ಣೆ ಸ್ಟವ್ವಿನ ಪಿನ್ನು,
ನನ್ನ ಮದುವೆಯ ವರ್ಷ ಕಳೆದುಹೋಗಿ
ನನ್ನ ಮೇಲೆ ಅನುಮಾನ ಬಂದಿದ್ದ
ಅತ್ತೆಯ ಕಾಲುಂಗುರ.

ಅವಳು ಬಾಗಿಲಲ್ಲೇ ಕೂತಿದ್ದಳು.
ನನ್ನ ಅಂಗೈ ನೋಡಿದಳು.
"ಮರಳು ಜಾಸ್ತಿ ಆಯ್ತು," ಅಂದಳು,
"ಸಿಮೆಂಟು ಇನ್ನೊಂದು ಬೊಗಸೆ ಹಾಕು."
ಹಾಕಿದೆ.

ಎರಡು ವರಸೆ ಇಟ್ಟಿಗೆ ಏರಿತು.
ರಸಮಟ್ಟದ ಗುಳ್ಳೆ ಬೆದರಿದ ಮೀನು,
ನಡುವೆ ನಿಲ್ಲಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತು.
ವಾರವೆಲ್ಲ ಹಿತ್ತಲಲ್ಲಿ ಮೂರು ಇಟ್ಟಿಗೆಯ ಒಲೆ, ಬರೀ ಚಿತ್ರಾನ್ನ,
ಕಟ್ಟೆಗೆ ದಿನಕ್ಕೆ ಮೂರು ಸಲ ನೀರು.

ಎಂಟನೆಯ ದಿನ ನೆಟ್ಟಗೆ ನಿಂತು ಸೊಪ್ಪು ಹೆಚ್ಚಿದೆ.
ಕಿಟಕಿಯಾಚೆ ಗೂಡಿನ ಹೊಗೆ ಕಂಡಿತು.
ಇಷ್ಟು ವರ್ಷ ಅದು ಅಲ್ಲೇ ಇತ್ತು.
ಎಸರು ಕುದಿಯಿತು, ಹಿಟ್ಟು ಸುರಿದೆ,
ಕೋಲು ಇಳಿಸಿದೆ.
ತಿರುಗಲಿಲ್ಲ.
ಭುಜ ಕಿವಿಗೆ ಬಂತು, ಮೊಣಕೈ ಗಾಳಿಯಲ್ಲಿ,
ಪಾತ್ರೆ ಕುಣಿದು ಹಿಟ್ಟೆಲ್ಲ ಗಂಟುಗಂಟು.

ಅತ್ತೆ ಎದ್ದು ಬಂದಳು.
ಪಾತ್ರೆ ನೆಲಕ್ಕಿಳಿಸಿ, ಕವೆಗೋಲಿಂದ ಒತ್ತಿ ಹಿಡಿದು,
"ಮುದ್ದೆಗೆ ಮೈಭಾರ ಬೇಕು ಕಣೇ, ಮೇಲಿಂದ.
ಅದಕ್ಕೇ ಅಷ್ಟು ತಗ್ಗಿಗೆ ಕಟ್ಟಿಸಿದ್ದು."
ಹದಿನಾರು ವರ್ಷ
ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮರುದಿನ ಬಾಗಿಲ ಕಡೆಯ ಎರಡಡಿ ಒಡೆದೆ,
ಚಿಕ್ಕ ಕಲ್ಲನ್ನು ಹಳೇ ಎತ್ತರಕ್ಕೇ ಕೂರಿಸಿದೆ.
ಸಂದಿಗೆ ಬಿಳಿ ಸಿಮೆಂಟು.
ಕಾಲುಂಗುರ ಮಾರಿದ ದುಡ್ಡದು;
ಇಬ್ಬರಿಗೂ ಗೊತ್ತು,
ಮಾತೆತ್ತಿಲ್ಲ.

ಕರಣೆ ಕೇಳಲು ಬಂದ ಪಿಳ್ಳಪ್ಪ
ತಲೆ ಒಳಗೆ ಹಾಕಿ ನಕ್ಕ:
"ಇದೇನಮ್ಮ, ಅಡುಗೆಮನೇಲಿ ಮೆಟ್ಟಿಲು?"
ಬೆರಳಿಂದ ಸಂದಿ ಸವರಿ ನೋಡಿದ, ಎರಡು ಸಲ.
ಟೀ ಕೊಟ್ಟೆ.
ಲೆಕ್ಕಕ್ಕೆ ಬೇಡ ಅಂದೆ.